ಮೂಳೆಗಳಿಂದ ಮನುಷ್ಯನ ಗುರುತು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ಕಿವಿಗೆ ಹಿತವಾದುದಲ್ಲ. ವಾರವೆಲ್ಲ ದುಡಿದು ಒಂದು ಸಂಜೆಯ ಬಿಡುವು ಮಾಡಿಕೊಂಡು ಬಂದವರ ಮುಂದೆ ಸತ್ತವರ ಮೂಳೆಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಊರು ಬಿಟ್ಟು ಈ ಮಹಾನಗರದಲ್ಲಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದು ತೀರ ಹತ್ತಿರದ ಮಾತು. ಏಕೆಂಬುದನ್ನು ಮೊದಲು ಅರಿಕೆ ಮಾಡಿಕೊಂಡು, ಆಮೇಲೆ ಶಾಸ್ತ್ರದ ಕಡೆಗೆ ಹೋಗುತ್ತೇವೆ.

ಮುಂಬಯಿಯ ಲೋಕಲ್ ಗಾಡಿಗಳ ಹಳಿಗಳ ಮೇಲೆ 2023ರಲ್ಲಿಯೂ 2024ರಲ್ಲಿಯೂ ವರ್ಷಕ್ಕೆ ಸುಮಾರು 2,500 ಜನ ಪ್ರಾಣ ಕಳೆದುಕೊಂಡರು. ಹಳಿ ದಾಟುವಾಗ ಸತ್ತವರು, ತುಂಬಿದ ಗಾಡಿಯ ಬಾಗಿಲಿನಿಂದ ಬಿದ್ದವರು, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಕೆಲವರ ಜೇಬಿನಲ್ಲಿ ಪಾಸು ಇರುತ್ತದೆ, ಕೆಲವರ ಬಳಿ ಏನೂ ಇರುವುದಿಲ್ಲ. ಇದಲ್ಲದೆ ಖಾಡಿಯಲ್ಲಿ ತೇಲಿ ಬಂದ ದೇಹಗಳು, ಪಾದಚಾರಿ ದಾರಿಯಲ್ಲಿ ಕಾಯಿಲೆಯಿಂದ ಸತ್ತವರು, ಕಟ್ಟಡ ಕುಸಿದಾಗ ಸಿಕ್ಕವರು ಉಂಟು. ಜೆ.ಜೆ., ಕೆ.ಇ.ಎಂ., ನಾಯರ್, ಸಾಯನ್, ಕೂಪರ್, ರಾಜಾವಾಡಿ ಮೊದಲಾದ ಆಸ್ಪತ್ರೆಗಳ ಶವಾಗಾರಗಳಲ್ಲಿ ಇಂಥವರು ಒಂದು ಅಂಕೆಯ ಹೆಸರಿನಿಂದ ಕೆಲವು ದಿನ ಕಾಯುತ್ತಾರೆ. ಯಾರೂ ಬಾರದಿದ್ದರೆ ಸರಕಾರಿ ಖರ್ಚಿನಲ್ಲಿ ಅಂತ್ಯಕ್ರಿಯೆ ನಡೆಯುತ್ತದೆ.

ಇತ್ತ ಯಾದಗಿರಿಯಲ್ಲಿಯೋ ಇಂಡಿಯಲ್ಲಿಯೋ ಕುಂದಾಪುರದಲ್ಲಿಯೋ ಒಬ್ಬ ತಾಯಿ, “ಮಗ ಮುಂಬಯಿಗೆ ಹೋದವನು ಸುದ್ದಿಯಿಲ್ಲ” ಎಂದು ದಾರಿ ಕಾಯುತ್ತಾಳೆ. ಹೆಂಡತಿ ತಾಳಿ ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ದಿನ ನೂಕುತ್ತಾಳೆ. ಶ್ರಾದ್ಧ ಮಾಡುವಂತಿಲ್ಲ, ಮಾಡದಿರುವಂತೆಯೂ ಇಲ್ಲ. ಮನಸ್ಸಿನ ಸಂಕಟ ಹೀಗಾದರೆ ಕಾಗದದ ಸಂಕಟ ಬೇರೆ. ಮರಣದ ದಾಖಲೆಯಿಲ್ಲದೆ ಭವಿಷ್ಯನಿಧಿಯ ಹಣ ಕೈಸೇರದು, ವಿಮೆ ಸಿಗದು, ವಿಧವಾ ವೇತನ ಸಿಗದು, ಹೊಲದ ಖಾತೆ ಬದಲಾಗದು. ಒಬ್ಬ ಮನುಷ್ಯ ಬದುಕಿದ್ದರೆ ಯಾರಿಗೆ ಸುದ್ದಿ ಸಹಜವಾಗಿ ತಿಳಿಯುತ್ತಿತ್ತೋ ಅವರಿಗೆ ಏಳು ವರ್ಷ ಕಾಲ ಸುದ್ದಿ ಇಲ್ಲದಿದ್ದರೆ, ಅವನು ಬದುಕಿದ್ದಾನೆಂದು ಹೇಳುವವರೇ ಅದನ್ನು ಸಿದ್ಧಪಡಿಸಬೇಕು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಾಗಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದಿದೆ. ಅಂದರೆ ದೇಹದ ಗುರುತು ಸಿಗದಿದ್ದರೆ ಬಡ ಸಂಸಾರ ಏಳು ವರ್ಷ ಕಾದು, ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಸತ್ತವನಿಗೆ ಹೆಸರು ಸಿಗುವುದೆಂದರೆ ಬದುಕಿರುವವರಿಗೆ ಅನ್ನ ಸಿಗುವುದು. ಆದುದರಿಂದ ಈ ವಿಷಯವನ್ನು ಆರಿಸಿಕೊಂಡೆವು.

ಮುಖ ಕೆಡದಿರುವಾಗ ಗುರುತು ಹಿಡಿಯುವುದು ಸುಲಭ. ಬೆರಳಿನ ಚರ್ಮ ಉಳಿದಿದ್ದರೆ ಬೆರಳಚ್ಚು ತೆಗೆಯಬಹುದು. ಕೈಮೇಲೆ ಹಚ್ಚೆ ಇದ್ದರೆ ಅದೂ ಮಾತಾಡುತ್ತದೆ. ಮುಂಬಯಿಯ ಸೆಕೆಗೆ, ಮಳೆಗೆ, ನೀರಿಗೆ ಇವೆಲ್ಲ ಬೇಗ ಅಳಿದುಹೋಗುತ್ತವೆ. ಕಡೆಗೆ ಉಳಿಯುವುದು ಮೂಳೆ ಮತ್ತು ಹಲ್ಲು. ಇವುಗಳನ್ನು ಓದುವ ಶಾಸ್ತ್ರಕ್ಕೆ ಫೋರೆನ್ಸಿಕ್ ಆಂಥ್ರೊಪಾಲಜಿ ಎಂದು ಹೆಸರು. ನ್ಯಾಯಕ್ಕೆ ನೆರವಾಗುವ ಮಾನವಶಾಸ್ತ್ರ ಎಂದು ನಾವು ಕರೆಯೋಣ. ನಮ್ಮಲ್ಲಿ ಈ ಕೆಲಸ ಬಹುಮಟ್ಟಿಗೆ ವೈದ್ಯಕೀಯ ಕಾಲೇಜುಗಳ ನ್ಯಾಯವೈದ್ಯ ಮತ್ತು ಅಂಗರಚನಾಶಾಸ್ತ್ರದ ವಿಭಾಗಗಳಲ್ಲಿ ನಡೆಯುತ್ತದೆ. ಡಿ.ಎನ್.ಎ., ವಿಷ, ರಕ್ತ ಮೊದಲಾದವುಗಳ ಪರೀಕ್ಷೆಗೆ ಸಾಂತಾಕ್ರೂಜಿನ ಕಲೀನಾದಲ್ಲಿ ಸರಕಾರದ ಪ್ರಯೋಗಾಲಯವಿದೆ. ಆ ಸಂಸ್ಥೆ 1958ರಲ್ಲಿ ಆರಂಭವಾಯಿತು.

ಮೂಳೆಗಳು ಮೇಜಿಗೆ ಬಂದಾಗ ಪಂಡಿತರು ಕೇಳುವ ಮೊದಲ ಪ್ರಶ್ನೆ: ಇವು ಮನುಷ್ಯನವೇ? ಪಾಯ ತೋಡುವಾಗ ಸಿಕ್ಕ ಮೂಳೆ ಮೇಕೆಯದೋ ದನದ್ದೋ ಆಗಿರುವುದೂ ಉಂಟು. ಎರಡನೆಯದು: ಒಬ್ಬರವೋ, ಅನೇಕರವೋ? ಬೆಳೆದ ಮನುಷ್ಯನ ದೇಹದಲ್ಲಿ 206 ಮೂಳೆಗಳು. ಎರಡು ಬಲತೊಡೆಯ ಮೂಳೆಗಳು ಸಿಕ್ಕರೆ ಇಬ್ಬರು ಇದ್ದರೆಂದು ಸ್ಪಷ್ಟ. ಮೂರನೆಯದು: ಎಷ್ಟು ಹಳೆಯವು? ಹಳೆಯ ಸ್ಮಶಾನದ ಮೂಳೆಗೂ ಕಳೆದ ಮಳೆಗಾಲದ ಮೂಳೆಗೂ ವ್ಯತ್ಯಾಸ ಕಾಣಬೇಕು. ಈ ಮೂರು ತೀರಿದ ಮೇಲೆಯೇ ಹೆಣ್ಣೋ ಗಂಡೋ, ವಯಸ್ಸೆಷ್ಟು, ಎತ್ತರವೆಷ್ಟು ಎಂಬುದು.

ಹೆಣ್ಣು ಗಂಡಿನ ನಿರ್ಣಯಕ್ಕೆ ಸೊಂಟದ ಮೂಳೆಯೇ ಮುಖ್ಯ ಸಾಕ್ಷಿ. ಹೆರಿಗೆಗೆ ಅನುಕೂಲವಾಗುವಂತೆ ಹೆಂಗಸಿನ ಸೊಂಟದ ಮೂಳೆ ಅಗಲ, ಮುಂಭಾಗದ ಕೋನ ದೊಡ್ಡದು, ಗಂಡಸಿನದು ಇಕ್ಕಟ್ಟು. ಸೊಂಟದ ಮೂಳೆ ಇಡಿಯಾಗಿ ಸಿಕ್ಕರೆ ಅನುಭವವುಳ್ಳವರ ತೀರ್ಮಾನ ನೂರಕ್ಕೆ ಸುಮಾರು 95 ಸಲ ಸರಿಯಾಗುತ್ತದೆಂದು ಹೇಳುತ್ತಾರೆ. ತಲೆಬುರುಡೆಯಲ್ಲಿಯೂ ಗುರುತುಗಳಿವೆ. ಹುಬ್ಬಿನ ದಿಣ್ಣೆ, ಕಿವಿಯ ಹಿಂದಿನ ಗುಬುಟು, ಗದ್ದದ ಚೌಕ ಇವು ಗಂಡಸಿನಲ್ಲಿ ಸಾಮಾನ್ಯವಾಗಿ ಎದ್ದು ಕಾಣುತ್ತವೆ. ಮಕ್ಕಳ ಮೂಳೆಗಳಲ್ಲಿ ಮಾತ್ರ ಈ ಭೇದ ಇನ್ನೂ ಮೂಡಿರುವುದಿಲ್ಲ.

ವಯಸ್ಸಿನ ಲೆಕ್ಕಕ್ಕೆ ಎಳೆಯರಲ್ಲಿ ಹಲ್ಲು ಒಳ್ಳೆಯ ಪಂಚಾಂಗ. ಆರನೆಯ ವರ್ಷದ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲು, ಹನ್ನೆರಡರ ಸುಮಾರಿಗೆ ಎರಡನೆಯದು, ಹದಿನೇಳರಿಂದ ಇಪ್ಪತ್ತೈದರೊಳಗೆ ಬುದ್ಧಿಹಲ್ಲು. ಹಾಗೆಯೇ ಉದ್ದ ಮೂಳೆಗಳ ತುದಿಗಳು ಬೆಳೆಯುವ ಕಾಲದಲ್ಲಿ ಬೇರೆಯಾಗಿದ್ದು, ಒಂದೊಂದೂ ತನ್ನ ತನ್ನ ವಯಸ್ಸಿಗೆ ನಡುಮೂಳೆಗೆ ಕೂಡಿಕೊಳ್ಳುತ್ತದೆ. ಕಡೆಯದಾಗಿ ಕೂಡುವುದು ಕೊರಳ ಬುಡದ ಕಾಲರ್ ಮೂಳೆಯ ಒಳತುದಿ, ಇಪ್ಪತ್ತು ದಾಟಿದ ಮೇಲೆ. ಆ ಬಳಿಕ ಬೆಳವಣಿಗೆಯ ಲೆಕ್ಕ ಮುಗಿದು ಸವೆತದ ಲೆಕ್ಕ ಆರಂಭ. ಆದುದರಿಂದ ಹದಿನೆಂಟರ ಹುಡುಗನ ವಯಸ್ಸನ್ನು ಒಂದೆರಡು ವರ್ಷದ ಅಂತರದಲ್ಲಿ ಹೇಳುವವರು, ಐವತ್ತರವನ ವಯಸ್ಸನ್ನು ಹತ್ತು ಹದಿನೈದು ವರ್ಷದ ಅಂತರವಿಟ್ಟೇ ಹೇಳುತ್ತಾರೆ. ಪ್ರಾಮಾಣಿಕರಾದವರು ಹೀಗೆ ಅಂತರವಿಟ್ಟು ಹೇಳುವರೆಂಬುದನ್ನು ನೆನಪಿಡಬೇಕು.

ಎತ್ತರಕ್ಕೆ ತೊಡೆಯ ಮೂಳೆ. ಅದು ಮನುಷ್ಯನ ಎತ್ತರದ ಕಾಲುಭಾಗಕ್ಕಿಂತ ತುಸು ಹೆಚ್ಚು ಇರುತ್ತದೆ. ತೊಡೆಯ ಮೂಳೆ 44 ಸೆಂಟಿಮೀಟರ್ ಇದ್ದರೆ ಆಸಾಮಿ ಸುಮಾರು 165 ಸೆಂಟಿಮೀಟರ್, ಎಂದರೆ ಐದು ಅಡಿ ಐದು ಅಂಗುಲದ ಆಸುಪಾಸು. ಇದರಲ್ಲಿಯೂ ಕೆಲವು ಸೆಂಟಿಮೀಟರುಗಳ ಹೆಚ್ಚುಕಡಿಮೆ ಇದ್ದದ್ದೇ. ಅಮೆರಿಕದ ಸೈನಿಕರ ಮೂಳೆಗಳನ್ನು ಅಳೆದು ಟ್ರಾಟರ್ ಮತ್ತು ಗ್ಲೆಸರ್ ಎಂಬವರು 1952ರಲ್ಲಿ ಪ್ರಕಟಿಸಿದ ಸೂತ್ರಗಳು ಜಗತ್ತಿನಲ್ಲೆಲ್ಲ ಹೆಸರಾದವು. ಆದರೆ ಅಲ್ಲಿಯವರ ಅಳತೆ ನಮ್ಮವರಿಗೆ ನೇರವಾಗಿ ಒಪ್ಪುವುದಿಲ್ಲವೆಂದು ನಮ್ಮ ದೇಶದ ವೈದ್ಯರು ತಮ್ಮದೇ ಸೂತ್ರಗಳನ್ನು ಕಟ್ಟಿದರು.

ಇಷ್ಟರಿಂದ “ಇಪ್ಪತ್ತೈದರಿಂದ ಮೂವತ್ತೈದರೊಳಗಿನ ಗಂಡಸು, ಮಧ್ಯಮ ಎತ್ತರ” ಎಂಬಷ್ಟು ತಿಳಿಯಿತು. ಅಂಥವರು ಈ ಊರಿನಲ್ಲಿ ಲಕ್ಷಗಟ್ಟಲೆ! ಇನ್ನು ಬೇಕಾದುದು ಆ ಒಬ್ಬನಿಗೇ ಸೇರಿದ ಗುರುತು. ಹಿಂದೆಂದೋ ಮುರಿದು ಕೂಡಿದ ಮುಂಗೈ ಮೂಳೆ, ಬಿದ್ದುಹೋದ ಹಲ್ಲು, ತುಂಬಿಸಿದ ಹಲ್ಲು, ಡಾಕ್ಟರು ಕೂರಿಸಿದ ಉಕ್ಕಿನ ಪಟ್ಟಿ, ಇವೆಲ್ಲ ಬದುಕಿನ ದಾಖಲೆಗಳು. ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುವವರ ಹರಡಿನ ಬಳಿ, ಮೂಳೆ ಮೂಳೆಗೆ ಒತ್ತಿ ಸಣ್ಣ ನುಣುಪು ಜಾಗಗಳು ಮೂಡುತ್ತವೆ; ಕುರ್ಚಿಯ ಮೇಲೆ ಕೂತು ಬೆಳೆದ ಜನರಲ್ಲಿ ಇವು ವಿರಳ. ಎಲೆಯಡಿಕೆಯ ಕಲೆ ಹಲ್ಲಿನ ಮೇಲೆ ನಿಲ್ಲುತ್ತದೆ. ಬಾಲ್ಯದಲ್ಲಿ ಫ್ಲೋರೈಡ್ ಹೆಚ್ಚಿರುವ ಬಾವಿಯ ನೀರು ಕುಡಿದವರ ಹಲ್ಲಿಗೆ ಬರುವ ಕಂದುಪಟ್ಟೆ ಸಾಯುವತನಕ ಹೋಗುವುದಿಲ್ಲ. ಬಯಲುಸೀಮೆಯ ಹಲವು ಹಳ್ಳಿಗಳವರಿಗೆ ಈ ಹಲ್ಲಿನ ಪರಿಚಯ ಚೆನ್ನಾಗಿದೆ. ಹೀಗೆ ಊರಿನ ನೀರು ಮುಂಬಯಿಯ ಶವಾಗಾರದಲ್ಲಿ ಸಾಕ್ಷಿ ಹೇಳಬಹುದು.

ತಲೆಬುರುಡೆಯ ಚಿತ್ರವನ್ನು ಬದುಕಿದ್ದಾಗಿನ ಫೋಟೋದ ಮೇಲೆ ಕೂರಿಸಿ ನೋಡುವ ಪದ್ಧತಿಯೊಂದಿದೆ. ಇದನ್ನು ಪ್ರಸಿದ್ಧಿಗೆ ತಂದ ಮೊಕದ್ದಮೆಗೆ ನಮ್ಮ ಮುಂಬಯಿಯ ಸಂಬಂಧವಿದೆ. ಬುಕ್ತಿಯಾರ್ ರುಸ್ತುಂಜಿ ರತನ್‌ಜಿ ಹಕೀಮ್ ಎಂಬಾತ 1899ರಲ್ಲಿ ಇಲ್ಲಿ ಹುಟ್ಟಿದ. 1922ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯದ ವೈದ್ಯಪದವಿ ಪಡೆದ. ಇಂಗ್ಲೆಂಡಿಗೆ ಹೋಗಿ ಬಕ್ ರಕ್ಸ್‌ಟನ್ ಎಂದು ಹೆಸರು ಬದಲಿಸಿ ಲ್ಯಾಂಕಾಸ್ಟರ್ ಊರಿನಲ್ಲಿ ವೈದ್ಯನಾಗಿದ್ದ. 1935ರ ಸೆಪ್ಟೆಂಬರಿನಲ್ಲಿ ಸಂಸಾರ ನಡೆಸುತ್ತಿದ್ದ ಇಸಬೆಲ್ಲಾಳನ್ನೂ ಮನೆಗೆಲಸದ ಹುಡುಗಿ ಮೇರಿ ರಾಜರ್ಸನ್ನಳನ್ನೂ ಕೊಂದು, ದೇಹಗಳನ್ನು ತುಂಡರಿಸಿ, ಸ್ಕಾಟ್ಲೆಂಡಿನ ಮೊಫಟ್ ಊರಿನ ಹತ್ತಿರದ ಹಳ್ಳಕ್ಕೆ ಎಸೆದ. ಸೆಪ್ಟೆಂಬರ್ 29ರಂದು ಅವು ಜನರ ಕಣ್ಣಿಗೆ ಬಿದ್ದವು. ಗುರುತು ಸಿಗಬಾರದೆಂದು ಕಣ್ಣು, ಕಿವಿ, ಮೂಗು, ತುಟಿ ಎಲ್ಲವನ್ನೂ ತೆಗೆದಿದ್ದ, ಹಲ್ಲುಗಳನ್ನು ಕಿತ್ತಿದ್ದ. ವೈದ್ಯನ ಕೈಯ ಕೆಲಸವೆಂದು ಅದರಿಂದಲೇ ಅನುಮಾನ ಬಂತು.

ತುಂಡುಗಳನ್ನು ಸುತ್ತಿದ್ದ ಒಂದು ವಾರಪತ್ರಿಕೆ ಸೆಪ್ಟೆಂಬರ್ 15ರ ಸಂಚಿಕೆ. ಲ್ಯಾಂಕಾಸ್ಟರ್ ಸುತ್ತಿನಲ್ಲಿ ಮಾತ್ರ ಹಂಚಿದ ವಿಶೇಷ ಮುದ್ರಣ. ಪೊಲೀಸರಿಗೆ ಊರಿನ ಸುಳಿವು ಅಲ್ಲಿ ಸಿಕ್ಕಿತು. ಗ್ಲಾಸ್ಗೊದ ನ್ಯಾಯವೈದ್ಯ ಪ್ರಾಧ್ಯಾಪಕ ಜಾನ್ ಗ್ಲೈಸ್ಟರ್ ಮತ್ತು ಎಡಿನ್‌ಬರೋದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಬ್ರ್ಯಾಶ್ ತಮ್ಮ ಸಂಗಡಿಗರೊಡನೆ ತುಂಡುಗಳನ್ನು ಜೋಡಿಸಿ ಎರಡು ದೇಹಗಳೆಂದು ತೋರಿಸಿದರು. ಒಬ್ಬಳು ಇಪ್ಪತ್ತರ ಆಸುಪಾಸಿನವಳು, ಇನ್ನೊಬ್ಬಳು ಹಿರಿಯಳು. ಆಮೇಲೆ ಇಬ್ಬರ ಫೋಟೋಗಳನ್ನು ಬುರುಡೆಗಳ ಚಿತ್ರದೊಡನೆ ಕೂಡಿಸಿದರು. ಇಸಬೆಲ್ಲಾ ಚಿತ್ರದಲ್ಲಿ ತಲೆಗೊಂದು ಕಿರೀಟದಂಥ ಒಡವೆ ತೊಟ್ಟಿದ್ದಳು. ಆ ಒಡವೆಯನ್ನೇ ಅಳೆದು ಚಿತ್ರದ ಪ್ರಮಾಣ ಕಂಡುಹಿಡಿದರು. ಮೇರಿಯ ಬೆರಳಚ್ಚು ಮನೆಯ ಸಾಮಾನುಗಳ ಮೇಲಿನ ಅಚ್ಚಿಗೆ ಸರಿಹೋಯಿತು. 1936ರ ಮೇ 12ರಂದು ರಕ್ಸ್‌ಟನ್ನನಿಗೆ ಗಲ್ಲಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬುರುಡೆ ಫೋಟೋಕ್ಕೆ ಒಪ್ಪಿದ ಮಾತ್ರಕ್ಕೆ ಇದು ಇವಳದೇ ಎನ್ನಲಾಗದು. ಒಪ್ಪದಿದ್ದರೆ ಇವಳದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಒಪ್ಪಿಗೆಯ ಜೊತೆಗೆ ಹಲ್ಲು, ವಯಸ್ಸು, ಎತ್ತರ, ಬೆರಳಚ್ಚು, ಬಟ್ಟೆ ಎಲ್ಲವೂ ಒಂದೇ ಕಡೆಗೆ ಬೆರಳು ತೋರಿದಾಗ ನಂಬಿಕೆ ಬಲವಾಗುತ್ತದೆ. ನಮ್ಮ ಸುಪ್ರೀಮ್ ಕೋರ್ಟು ಕೂಡ, 1963ರ ಕಾನೂನು ವರದಿಗಳಲ್ಲಿ ಅಚ್ಚಾದ ರಾಮ್ ಲೋಚನ್ ಅಹೀರ್ ಮೊಕದ್ದಮೆಯಲ್ಲಿ ಇಂಥ ಚಿತ್ರವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದೆಂದು ಒಪ್ಪಿತು.

1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಗುರುತಿನ ವಿಧಾನ ಕಂಡುಹಿಡಿದ ಮೇಲೆ ಈ ಶಾಸ್ತ್ರಕ್ಕೆ ಹೊಸ ಬಲ ಬಂತು. ಹಲ್ಲಿನ ಒಳಗೆ, ತೊಡೆಯ ಗಟ್ಟಿ ಮೂಳೆಯೊಳಗೆ ಅದು ಬಹುಕಾಲ ಉಳಿಯುತ್ತದೆ. ತಂದೆ, ತಾಯಿ, ಮಕ್ಕಳ ರಕ್ತದೊಡನೆ ಹೋಲಿಸಿ ಸಂಬಂಧ ಹೇಳುತ್ತಾರೆ. ಮೂಳೆ ತೀರ ಹಾಳಾಗಿದ್ದರೆ ತಾಯಿಯ ಕಡೆಯಿಂದ ಮಾತ್ರ ಇಳಿದುಬರುವ ಇನ್ನೊಂದು ಬಗೆಯ ಡಿ.ಎನ್.ಎ. ಇದೆ, ಅದಕ್ಕೆ ಒಡಹುಟ್ಟಿದವರೂ ಸೋದರಮಾವನೂ ಸಾಕು. ಅರ್ಜೆಂಟೀನಾ ದೇಶದಲ್ಲಿ ಸೈನ್ಯದ ಆಳ್ವಿಕೆಯಲ್ಲಿ ಕಾಣೆಯಾದವರನ್ನು ಗೋರಿಗಳಿಂದ ತೆಗೆದು ಮನೆಯವರಿಗೆ ಒಪ್ಪಿಸಲು 1984ರಲ್ಲಿ ತರುಣರ ತಂಡವೊಂದು ಹುಟ್ಟಿತು. ಮೂಳೆಯ ಓದು ಮತ್ತು ರಕ್ತಸಂಬಂಧದ ಪರೀಕ್ಷೆ ಎರಡನ್ನೂ ಕೂಡಿಸಿ ಅವರು ಮಾಡಿದ ಕೆಲಸ ಲೋಕಕ್ಕೆಲ್ಲ ಮಾದರಿಯಾಯಿತು.

ಆದರೆ ಡಿ.ಎನ್.ಎ. ಮಂತ್ರವಲ್ಲ. ಇದಕ್ಕೆ ನಮ್ಮ ನಾಡಿನದೇ ನೋವಿನ ಉದಾಹರಣೆಯಿದೆ. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜಪೆಯಲ್ಲಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಹೆಚ್ಚಿನವರು ಕರಾವಳಿಯ, ಕಾಸರಗೋಡಿನ, ನಮ್ಮಂತೆಯೇ ಪರಊರಿಗೆ ದುಡಿಯಲು ಹೋದ ಜನ. ಬಹಳಷ್ಟು ದೇಹಗಳನ್ನು ಮನೆಯವರು ಒಡವೆ, ಬಟ್ಟೆ, ಮೈಕಟ್ಟು ನೋಡಿ ಗುರುತಿಸಿದರು. ಉಳಿದವುಗಳ ಮಾದರಿ ಹೈದರಾಬಾದಿನ ಡಿ.ಎನ್.ಎ. ಕೇಂದ್ರಕ್ಕೆ ಹೋಯಿತು. ಆದರೂ ಕಡೆಗೆ 12 ದೇಹಗಳಿಗೆ ಹೆಸರು ಸಿಗಲಿಲ್ಲ. ಅವರನ್ನು ಕೂಳೂರಿನ ಬಳಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಸುಟ್ಟುಹೋದ ದೇಹವನ್ನು ಕಣ್ಣಳತೆಯಲ್ಲಿ ಗುರುತಿಸುವುದು ಎಷ್ಟು ಅಪಾಯ ನೋಡಿ. ಒಂದು ಮನೆಯವರು ದುಃಖದ ಭರದಲ್ಲಿ ತಪ್ಪು ದೇಹ ಒಯ್ದರೆ, ಇನ್ನೊಂದು ಮನೆಯವರ ರಕ್ತ ಉಳಿದ ಯಾವ ದೇಹಕ್ಕೂ ಹೊಂದುವುದಿಲ್ಲ. ಎರಡು ಮನೆಗಳೂ ಕೆಡುತ್ತವೆ. 2025ರ ಜೂನ್ 12ರಂದು ಅಹಮದಾಬಾದಿನ ವಿಮಾನ ಅಪಘಾತದಲ್ಲಿ 260 ಮಂದಿ ಸತ್ತಾಗ ಬಹುತೇಕ ಎಲ್ಲರ ಗುರುತನ್ನೂ ಡಿ.ಎನ್.ಎ. ಪರೀಕ್ಷೆಯಿಂದಲೇ ನಿರ್ಣಯಿಸಿ ಒಪ್ಪಿಸಿದರು. ಮನೆಯವರು ದಿನಗಟ್ಟಲೆ ಕಾದರು, ಬೇಸತ್ತರು. ಆದರೆ ಆ ಕಾಯುವಿಕೆಗೆ ಅರ್ಥವಿತ್ತು.

ಇನ್ನೊಂದು ಪ್ರಸಂಗ ನಮ್ಮ ಪಕ್ಕದ್ದೇ. 2012ರಲ್ಲಿ ರಾಯಗಡ ಜಿಲ್ಲೆಯ ಪೇಣ್ ತಾಲೂಕಿನ ಕಾಡಿನಲ್ಲಿ ಸುಟ್ಟ ದೇಹವೊಂದರ ಅವಶೇಷ ಸಿಕ್ಕಿತು. ಮೂರು ವರ್ಷ ಅದಕ್ಕೆ ಹೆಸರಿರಲಿಲ್ಲ. 2015ರಲ್ಲಿ ಮುಂಬಯಿಯ ಪೊಲೀಸರು ಆ ಜಾಗವನ್ನು ಮತ್ತೆ ಅಗೆಸಿ ಮೂಳೆಗಳನ್ನು ಪರೀಕ್ಷೆಗೆ ಕಳಿಸಿದಾಗ ದೇಶವೆಲ್ಲ ಗದ್ದಲವಾಯಿತು. ಮೊಕದ್ದಮೆ ನ್ಯಾಯಾಲಯದಲ್ಲಿರುವುದರಿಂದ ಯಾರ ಹೆಸರನ್ನೂ ಎತ್ತುವುದು ನಮಗೆ ಸಲ್ಲದು. ಸಾರ ಇಷ್ಟು: ಮೂಳೆ ಸಿಕ್ಕಿದರೂ ಅದನ್ನು ಹೋಲಿಸಿ ನೋಡಲು ಕಾಣೆಯಾದವರ ದೂರು ಇಲ್ಲದಿದ್ದರೆ ಪಂಡಿತರು ಕೈಕಟ್ಟಿ ಕೂರಬೇಕಾಗುತ್ತದೆ. ಮಣ್ಣಿನಲ್ಲಿ ಉಳಿದದ್ದನ್ನು ಮುಂದೊಂದು ದಿನ ತೆಗೆದು ನೋಡಬಹುದು. ಪೂರ್ತಿ ಸುಟ್ಟು ಬೂದಿಯಾದರೆ ಆ ಬಾಗಿಲು ಮುಚ್ಚಿತು.

“ಆಧಾರ್ ಇರುವಾಗ ಇದೆಲ್ಲ ಏಕೆ? ಬೆರಳು ಒತ್ತಿಸಿದರಾಯಿತು” ಎಂದು ಕೇಳುವವರಿದ್ದಾರೆ. ಆಧಾರ್ ವ್ಯವಸ್ಥೆ ನಂಬರು ಹೇಳಿದ ಮೇಲೆ ಈ ಬೆರಳು ಆ ನಂಬರಿನವನದೇ ಎಂದು ನೋಡುತ್ತದೆ. ನಂಬರೇ ಗೊತ್ತಿಲ್ಲದ ಒಂದು ಹೆಣದ ಬೆರಳನ್ನು ನೂರು ಕೋಟಿಗೂ ಮೀರಿದ ಬೆರಳುಗಳಲ್ಲಿ ಹುಡುಕಿಕೊಡುವ ಏರ್ಪಾಡು ಅದರಲ್ಲಿಲ್ಲ. ಕಾನೂನು ಕೂಡ ಆ ಬೆರಳಚ್ಚನ್ನು ಬೇರೆ ಕೆಲಸಕ್ಕೆ ಕೊಡಗೊಡುವುದಿಲ್ಲ. ಹಾಗಾಗಿ ಜೇಬಿನಲ್ಲಿರುವ ಕಾರ್ಡಿನ ನಕಲು ಉಪಯೋಗಕ್ಕೆ ಬಂದೀತು, ಪೆಟ್ಟಿಗೆಯಲ್ಲಿಟ್ಟ ಕಾರ್ಡು ಬಾರದು.

ಈಗ ನಾವು ಮಾಡಬೇಕಾದ ಕೆಲಸ. ಇದಕ್ಕೆ ದುಡ್ಡು ಬೇಡ, ವಿದ್ಯೆ ಬೇಡ.

ಒಂದು, ಹೊರಗೆ ಹೋಗುವಾಗ ಜೇಬಿನಲ್ಲಿ ಒಂದು ಚೀಟಿ ಇರಲಿ. ಹೆಸರು, ಊರು, ತಾಲೂಕು, ಇಲ್ಲಿಯ ಒಬ್ಬರ ಮತ್ತು ಊರಿನ ಒಬ್ಬರ ಫೋನ್ ನಂಬರು. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಬೇಕು. ಮೊಬೈಲ್ ಇದೆಯಲ್ಲ ಎನ್ನಬೇಡಿ. ಬೀಗ ಹಾಕಿದ ಮೊಬೈಲನ್ನು ಪರರು ತೆರೆಯಲಾರರು, ಹಳಿಯ ಮೇಲೆ ಬಿದ್ದದ್ದು ಉಳಿಯುವುದೂ ಇಲ್ಲ.

ಎರಡು, ಹಲ್ಲು ಕಾಣುವಂತೆ ನಕ್ಕ ಒಂದು ಫೋಟೋ ಊರಿನ ಮನೆಯಲ್ಲಿರಲಿ. ಎಂದಾದರೂ ಕೈಕಾಲು ಮುರಿದು ಎಕ್ಸ್‌ರೇ ತೆಗೆಸಿದ್ದರೆ, ಹಲ್ಲು ತೋರಿಸಿದ್ದರೆ ಆ ಕಾಗದಗಳನ್ನು ರದ್ದಿಗೆ ಹಾಕಬೇಡಿ.

ಮೂರು, ಜೊತೆಯವನು ಕೆಲಸದಿಂದ ಮರಳಿ ಬಾರದಿದ್ದರೆ ಆಸ್ಪತ್ರೆಗಳಲ್ಲಿ ವಿಚಾರಿಸಿ, ಪೊಲೀಸ್ ಠಾಣೆಯಲ್ಲಿ ಕಾಣೆಯಾದ ದೂರು ಕೊಡಿ. ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಅವನು ಗಾಡಿಯಲ್ಲಿ ಹೋಗಿಬರುವವನಾಗಿದ್ದರೆ ರೈಲ್ವೆ ಪೊಲೀಸರಲ್ಲಿಯೂ ಕೇಳಬೇಕು. ಊರ ಠಾಣೆಗೆ ಕೊಟ್ಟ ದೂರು ಅವರ ಮೇಜಿಗೆ ತಾನಾಗಿ ನಡೆದುಹೋಗುವುದಿಲ್ಲ. ದೂರಿನಲ್ಲಿ ಅಂಗಿಯ ಬಣ್ಣದ ಜೊತೆಗೆ ಎತ್ತರ, ಮುರಿದ ಮೂಳೆ, ಬಿದ್ದ ಹಲ್ಲು, ಹಚ್ಚೆ ಎಲ್ಲವನ್ನೂ ಬರೆಸಿ. ಅಂಗಿ ಒಂದೇ ಬಗೆಯದು ಸಾವಿರ ಜನರಲ್ಲಿ ಇರುತ್ತದೆ. ಅವನ ಬಾಚಣಿಗೆ, ಹಲ್ಲುಜ್ಜುವ ಬ್ರಶ್ಶು ತೊಳೆಯದೆ ತೆಗೆದಿಡಿ.

ನಾಲ್ಕು, ಗುರುತಿಸಲು ಕರೆದಾಗ ಅನುಮಾನವಿದ್ದರೆ ಅನುಮಾನವಿದೆ ಎಂದೇ ಹೇಳಿ, ಡಿ.ಎನ್.ಎ. ಪರೀಕ್ಷೆ ಕೇಳಿ. ಅದಕ್ಕೆ ತಾಯಿ, ತಂದೆ ಅಥವಾ ಮಕ್ಕಳನ್ನು ಊರಿನಿಂದ ಕರೆಸಬೇಕಾದೀತು. ಗುರುತು ಸಿಕ್ಕ ಮೇಲೆ ಪಂಚನಾಮೆಯ ಮತ್ತು ಮರಣೋತ್ತರ ಪರೀಕ್ಷೆಯ ನಕಲು ಪಡೆಯಲು ಮರೆಯಬೇಡಿ. ಓಡುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದು ಸತ್ತ ಪ್ರಯಾಣಿಕನ ಮನೆಯವರಿಗೆ, 2017ರ ಜನವರಿ 1ರಿಂದ ಜಾರಿಗೆ ಬಂದ ದರದಂತೆ, ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನ ಮೂಲಕ 8 ಲಕ್ಷ ರೂಪಾಯಿ ಪರಿಹಾರವುಂಟು. ಅರ್ಜಿಯನ್ನು ಒಂದು ವರ್ಷದೊಳಗೆ ಹಾಕಬೇಕು. ಹಳಿ ದಾಟುವಾಗ ಸತ್ತವರಿಗೆ ಇದು ದೊರೆಯುವುದಿಲ್ಲ. ಹೆಸರಿಲ್ಲದೆ ಮಣ್ಣಾದವನ ಪರವಾಗಿಯಂತೂ ಅರ್ಜಿ ಹಾಕುವವರೇ ಇರುವುದಿಲ್ಲ.

ಐದು, ಇದು ಮುಕಾದಮರಿಗೂ ಹೋಟೆಲು ನಡೆಸುವವರಿಗೂ ಖೋಲಿ ಬಾಡಿಗೆ ಕೊಡುವವರಿಗೂ ಹೇಳುವ ಮಾತು. ಕೈಕೆಳಗೆ ದುಡಿಯುವವರ ಪೂರ್ತಿ ಹೆಸರು, ಊರು, ಮನೆಯವರ ನಂಬರು ಒಂದು ವಹಿಯಲ್ಲಿ ಬರೆದಿಡಿ. “ರಾಜು” ಎಂದಷ್ಟೇ ಗೊತ್ತಿದ್ದರೆ ಕಷ್ಟಕಾಲದಲ್ಲಿ ಯಾವ ಊರಿನ ರಾಜುವಿಗಾಗಿ ಹುಡುಕುವುದು?

ಓದುಬರಹ ಬಲ್ಲ ನಮ್ಮ ಗುಮಾಸ್ತ ಬಂಧುಗಳಲ್ಲಿ ಕಡೆಯದೊಂದು ವಿನಂತಿ. ಠಾಣೆಯಲ್ಲಿ ಮರಾಠಿಯಲ್ಲಿ ದೂರು ಬರೆಯಿಸುವುದು, ಶವಾಗಾರದ ಕಾಗದ ಓದುವುದು, ಊರಿಗೆ ಫೋನು ಮಾಡಿ ತಾಯಿಗೆ ಸಾವಧಾನವಾಗಿ ತಿಳಿಹೇಳುವುದು ಇವು ಕಟ್ಟಡದ ಮೇಲೆ ಇಟ್ಟಿಗೆ ಹೊರುವ ನಮ್ಮವನಿಗೆ ಒಬ್ಬನಿಗೇ ಆಗುವ ಕೆಲಸಗಳಲ್ಲ. ಅಂಥ ಸಮಯದಲ್ಲಿ ಅರ್ಧ ದಿನದ ರಜೆ ಹಾಕಿ ಅವನ ಜೊತೆಗೆ ನಿಂತರೆ ಸಂಘಕ್ಕೆ ಚಂದಾ ಕೊಟ್ಟದ್ದಕ್ಕಿಂತ ದೊಡ್ಡ ಸೇವೆ ಆಗುತ್ತದೆ. ಮೇಲೆ ಹೇಳಿದ ಚೀಟಿಯನ್ನು ಬರೆಯಲಾರದವರಿಗೆ ಬರೆದುಕೊಡುವುದನ್ನು ಇಂದೇ, ಈ ಸಭೆ ಮುಗಿದ ಕೂಡಲೆ, ಈ ಮೇಜಿನ ಬಳಿಯೇ ಆರಂಭಿಸೋಣ. ಕಾಗದ, ಪೆನ್ನು ತಂದಿದ್ದೇವೆ.